ಹಲ್ಲಿಲ್ಲದ ಅಪ್ಪನೂ ಬ್ರೆಡ್ಡಿನ ಮಷೀನೂ

ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂದ ಯಾವ ಯಂತ್ರವೂ ಇವತ್ತಿನವರೆಗೆ ತನ್ನ ಕೆಲಸವನ್ನು ತಾನು ಮಾಡಿದ್ದಿಲ್ಲ. ರೇಡಿಯೋ ತಂದೆವು, ಅದರೊಳಗೆ ಜಿರಳೆಗಳು ಸಂಸಾರ ಹೂಡಿದವು. ಹೊಲಿಗೆ ಮಷೀನಿನ ಮೇಲೆ ಉಪ್ಪಿನಕಾಯಿ ಜಾಡಿ ಕೂತಿತು, ಮತ್ತೆ ಏಳಲೇ ಇಲ್ಲ. ಟೇಬಲ್ ಫ್ಯಾನು ಗಾಳಿ ಒಂದನ್ನು ಬಿಟ್ಟು ಎಲ್ಲವನ್ನೂ ಕೊಟ್ಟಿತು, ನನಗೆ ಒಮ್ಮೆ ಶಾಕನ್ನೂ ಕೊಟ್ಟಿತು. ಹಣೆಬರಹ ಎಂದು ಸುಮ್ಮನಿದ್ದೆ. ಆದರೆ ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ನಾನು ದೇವದುರ್ಗದಲ್ಲಿ ಸಾಲಿ ಮಾಸ್ತರನಾಗಿದ್ದಾಗ, ನಮ್ಮ ಮನೆಗೆ ಬ್ರೆಡ್ ಮಾಡುವ ಮಷೀನು ಬಂತು. ಆಮೇಲೆ ನಡೆದದ್ದಕ್ಕೆ ಹಣೆಬರಹ ಅನ್ನುವ ಮಾತೂ ಸಾಲದು.

ಹಲ್ಲು

ನಮ್ಮಪ್ಪ ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಹಮಾಲಿ ಮಾಡಿದವನು. ಹತ್ತಿ ಅಂಡಿಗೆಗಳನ್ನು ಬೆನ್ನ ಮೇಲೆ ಹೊತ್ತು ನನ್ನನ್ನು ಮಾಸ್ತರನನ್ನಾಗಿ ಮಾಡಿದ. ಅವನಿಗೆ ಊಟವೆಂದರೆ ಜೋಳದ ಖಡಕ್ ರೊಟ್ಟಿ. ಅವನು ರೊಟ್ಟಿ ಕಡಿದರೆ ಮಗ್ಗಲ ಮನೆಯವರಿಗೆ ಕೇಳಬೇಕು, ಕೇಳುತ್ತಿತ್ತು ಕೂಡ. ಅಂಥವನ ಹಲ್ಲುಗಳು ಒಂದೊಂದೇ ಅಲುಗಾಡಿ, ಕೊನೆಗೆ ರಾಯಚೂರಿನ ಹಲ್ಲಿನ ಡಾಕ್ಟರು ಉಳಿದವನ್ನೆಲ್ಲ ಕಿತ್ತು ಕೈಗೆ ಕೊಟ್ಟರು. ಕಟ್ಟಿಸಿದ ಹಲ್ಲು ಹಾಕಿಸೋಣ ಎಂದರೆ, "ಯಾರ ಬಾಯಾಗಿನವೋ ಏನೋ, ನನಗ ಬ್ಯಾಡ" ಅಂದ.

ಡಾಕ್ಟರು ಹಾಲಿನಲ್ಲಿ ಬ್ರೆಡ್ ಅದ್ದಿ ಕೊಡಿ ಎಂದಿದ್ದರು. ಅವರು ಹೊರಗಿನವರು, ಅವರಿಗೆ ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲ. ನಮ್ಮಲ್ಲಿ ಗಟ್ಟಿಮುಟ್ಟಾದ ಮನುಷ್ಯ ಬ್ರೆಡ್ ತಿನ್ನುವುದಿಲ್ಲ. ಅದು ದವಾಖಾನೆಯಲ್ಲಿ ಮಲಗಿದವರ ಊಟ. ಯಾರಾದರೂ ಹಾಸಿಗೆ ಹಿಡಿದರೆ ನೋಡಲು ಹೋಗುವವರು ಒಂದು ಬ್ರೆಡ್ಡಿನ ಪಾಕೀಟು ಹಿಡಿದು ಹೋಗಬೇಕು. ನಾನು ಬ್ರೆಡ್ ಕೊಂಡು ಮನೆಗೆ ಬರುವಷ್ಟರಲ್ಲಿ ದಾರಿಯುದ್ದಕ್ಕೂ ಜನ ನಿಲ್ಲಿಸಿ, "ಯಾರಿಗೇನಾಗ್ಯದ್ರೀ ಮಾಸ್ತರ?" ಎಂದು ಮುಖ ಸಣ್ಣ ಮಾಡಿಕೊಂಡು ಕೇಳಿದರು. ಅಪ್ಪನಂತೂ ಬ್ರೆಡ್ ನೋಡಿದವನೇ ಗೋಡೆ ಕಡೆ ಹೊರಳಿದ.

"ನನಗೇನು ಸಾಯೂ ಜಡ್ಡು ಬಂದದೇನಲೇ?"

ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಸಿ ಕೊಟ್ಟರೆ, "ಮೆತ್ತಗ ಮಾಡ್ಕೊಂಡು ಉಣ್ಣಾಕ ನಾನೇನು ಮುದುಕನ? ಎಮ್ಮಿಗಿ ಹಾಕ್ರಿ" ಅಂದ. ಗಂಜಿ ಕೊಟ್ಟರೆ, "ನಾನೇನು ಬಾಣಂತಿ ಏನು?" ಅಂದ. ಅರ್ಧ ಲೋಟ ಅಂಬಲಿಯ ಮೇಲೆ ದಿನ ದೂಡತೊಡಗಿದ. ಅಂಗಿ ಅವನ ಮೈಮೇಲೆ ಜೋತು ಬಿತ್ತು. ನಾನೂ ನನ್ನ ಹೆಂಡತಿಯೂ ಅಡುಗೆಮನೆಯಲ್ಲಿ ಬಾಗಿಲು ಮುಂದಕ್ಕೆ ಎಳೆದುಕೊಂಡು, ಸಪ್ಪಳಾಗದಂತೆ ರೊಟ್ಟಿ ಮುರಿದು ಕಳ್ಳರಂತೆ ಉಣ್ಣುತ್ತಿದ್ದೆವು.

ಒಂದು ದಿನ ಅವನೇ ಸ್ವಲ್ಪ ಸಡಿಲಾದ. "ಅಂಗಡೀದು ದವಾಖಾನಿ ಊಟ. ನಮ್ಮ ಮನ್ಯಾಗ ಬೆಂದದ್ದಾದ್ರ ಅದು ಬ್ರೆಡ್ಡಿದ್ರೂ ತಿಂತೀನಿ" ಅಂದ. ಸುದ್ದಿ ನನ್ನ ಹೆಂಡತಿಯ ತಮ್ಮನ ಕಿವಿಗೆ ಬಿತ್ತು. ಅವನು ದುಬೈಯಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ. ರಜೆಗೆ ಬಂದಾಗ ದೊಡ್ಡ ಡಬ್ಬಿಯಂಥ ಮಷೀನೊಂದನ್ನು ತಂದು ನಡುಮನೆಯಲ್ಲಿ ಇಟ್ಟ.

"ಅಕ್ಕಾ, ಇದರಾಗ ಹಿಟ್ಟು, ನೀರು ಹಾಕಿ ಗುಂಡಿ ಒತ್ತು. ಅದಾ ನಾದ್ತದ, ಅದಾ ಉಬ್ಬಸ್ತದ, ಅದಾ ಸುಡ್ತದ."

ಅಪ್ಪ ಮಂಚದ ಮೇಲಿಂದಲೇ ಮಷೀನನ್ನು ಮೇಲಿಂದ ಕೆಳಗೆ ನೋಡಿದ.

"ಎಲ್ಲಾ ಅದಾ ಮಾಡ್ತದಂದ್ರ, ತಿನ್ನೂದೂ ಅದಾ ತಿನ್ಲಿ ಬಿಡು."

ಓದಿದ್ದು

ಭಾವಮೈದುನ ರಜೆ ಮುಗಿಯಿತೆಂದು ಮರುದಿನವೇ ದುಬೈಗೆ ಹೋಗಲು ಮುಂಬಯಿ ಗಾಡಿ ಹತ್ತಿದ. ಮಷೀನಿನ ಪ್ಲಗ್ಗಿಗೆ ದಪ್ಪ ಚೌಕದ ಕಾಲುಗಳು, ನಮ್ಮ ಗೋಡೆಯಲ್ಲಿ ದುಂಡನೆಯ ತೂತುಗಳು. ಓಣಿಯ ವೈರಿಂಗ್ ಮಾಡುವವನು ಬಂದು, ಪ್ಲಗ್ಗನ್ನೇ ಕತ್ತರಿಸಿ ಎಸೆದು, ವೈರುಗಳನ್ನು ತೂತಿಗೆ ತುರುಕಿ ಕಡ್ಡಿಪೆಟ್ಟಿಗೆಯ ಕಡ್ಡಿ ಬಡಿದು ಹೋದ. ಅಲ್ಲಿಗೆ ಒಂದು ಗೆದ್ದೆವು. ಹೇಗೆ ನಡೆಸಬೇಕು ಎಂದು ತಿಳಿಸುವ ಪುಸ್ತಕ ತೆಗೆದರೆ, ಒಂದು ಬದಿ ಜಪಾನಿ, ಇನ್ನೊಂದು ಬದಿ ಅರಬ್ಬಿ.

ಮಗ್ಗಲ ಮನೆಯಲ್ಲಿ ಉರ್ದು ಸಾಲಿಯಿಂದ ನಿವೃತ್ತರಾದ ಸಾಹೇಬರೂ ಅವರ ಹೆಂಡತಿಯೂ ಇದ್ದರು. ಆಕೆಯನ್ನು ಓಣಿಯವರೆಲ್ಲ ಖಾಲಾ ಅನ್ನುತ್ತಿದ್ದರು. ಸಾಹೇಬರನ್ನು ಕರೆದೆ. ಅವರು ಕೈಕಾಲು ತೊಳೆದು ಬಂದು, ಕನ್ನಡಕ ಏರಿಸಿ, ರಾಗವಾಗಿ ಓದತೊಡಗಿದರು. ಎಂಥ ಕಂಠ! ಖಾಲಾ ತಲೆಯ ಮೇಲೆ ಸೆರಗು ಎಳೆದುಕೊಂಡರು. ಅದನ್ನು ನೋಡಿ ನನ್ನ ಹೆಂಡತಿಯೂ ಎಳೆದುಕೊಂಡಳು. ಅಪ್ಪ ಎದ್ದು ಕೂತು ಕೈ ಮುಗಿದ.

"ಏನಂತದ್ರೀ ಸಾಹೇಬ್ರ? ನೀರೆಷ್ಟು, ಹಿಟ್ಟೆಷ್ಟು?" ಎಂದೆ.

ಸಾಹೇಬರು ಕನ್ನಡಕ ತೆಗೆದರು. "ಮಾಸ್ತರ, ಸುಳ್ಳ್ಯಾಕ ಹೇಳ್ಲಿ? ಅರಬ್ಬಿ ಓದಾಕ ಬರ್ತದ. ಅರ್ಥ ಗೊತ್ತಾಗಾಂಗಿಲ್ಲ."

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಖಾಲಾ ಕಣ್ಣೊರೆಸಿಕೊಳ್ಳುತ್ತ ಹೇಳಿದರು.

"ಎಷ್ಟು ಚಲೋ ಅದರೀ! ಇನ್ನೊಂದು ಪೇಜ್ ಓದ್ರಲ್ಲ."

ಹಿಟ್ಟು

ಅಂದಾಜಿನ ಮೇಲೆ ಶುರು ಮಾಡಿದೆವು. ಭಾವಮೈದುನ ಹಿಟ್ಟು ಹಾಕು ಎಂದಿದ್ದ, ಯಾವ ಹಿಟ್ಟು ಎಂದು ಹೇಳಿರಲಿಲ್ಲ. ಹೇಳುವ ಅಗತ್ಯವಾದರೂ ಏನು? ನಮ್ಮ ಮನೆಯಲ್ಲಿ ಡಬ್ಬಿ ತೆಗೆದರೆ ಸಿಗುವ ಹಿಟ್ಟು ಒಂದೇ. ನನ್ನ ಹೆಂಡತಿ ಒಳ್ಳೆಯ ಬಿಳಿಜೋಳ ಆರಿಸಿ, ಬೀಸಿಸಿ ತಂದು, ಎರಡು ಸಲ ಸಾಣಿಸಿ ಮಷೀನಿಗೆ ಸುರುವಿದಳು.

ಗುಂಡಿ ಒತ್ತಿದೆವು. ಒಳಗೆ ಗರಗರ ಸಪ್ಪಳ. ಅಪ್ಪನಿಗೆ ಕೇಳಲೆಂದು ನಾನು ಗಟ್ಟಿಯಾಗಿ, "ನಾದಾಕತ್ತದ ಯಪ್ಪಾ!" ಎಂದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. "ಸುಡಾಕತ್ತದ ಯಪ್ಪಾ!" ಎಂದೆ. ಉಬ್ಬಲಿಲ್ಲ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಜೋಳದ ಹಿಟ್ಟು ಉಬ್ಬುವುದಿಲ್ಲ ಎಂದು ಯಾರಿಗೆ ಗೊತ್ತಿತ್ತು? ರೊಟ್ಟಿ ಉಬ್ಬುತ್ತಿತ್ತಲ್ಲ, ಹೆಂಚಿನ ಮೇಲೆ!

ಕೊನೆಗೆ ಮಷೀನು ಮೂರು ಸಲ ಕೂಗಿ ಸುಮ್ಮನಾಯಿತು. ಡಬ್ಬಿಯನ್ನು ಬೋರಲು ಹಾಕಿ ಗುದ್ದಿದೆ. ಬೂದುಬಣ್ಣದ ಗಟ್ಟಿಯೊಂದು ನೆಲಕ್ಕೆ ಬಿದ್ದು ಫರಸಿ ಕಲ್ಲಿನ ಮೂಲೆ ಒಡೆಯಿತು. ಆದರೂ ಮನೆಯಲ್ಲೇ ಬೆಂದದ್ದು ತಾನೆ ಎಂದು ತಾಟಿನಲ್ಲಿಟ್ಟು ಅಪ್ಪನ ಮುಂದೆ ಹಿಡಿದೆ. ಅಪ್ಪ ಅದನ್ನು ಕೋಲಿನಿಂದ ಬಡಿದು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ವ್ಯಥೆಯಿತ್ತು.

"ಹಲ್ಲಿದ್ದಾಗ ತಂದಿದ್ರ ಒಂದು ಕೈ ನೋಡ್ತಿದ್ನೆಲೇ."

ಸೇಂದಿ

ಬ್ರೆಡ್ಡಿಗೆ ಮೈದಾ ಬೇಕು, ಹಿಟ್ಟು ಉಬ್ಬಲು ಯೀಸ್ಟ್ ಬೇಕು ಎಂದು ತಿಳಿಯುವ ಹೊತ್ತಿಗೆ ಅಪ್ಪನ ಕೆನ್ನೆಯ ಎಲುಬು ಎದ್ದಿತ್ತು. ಮೈದಾ ಸಿಕ್ಕಿತು. ಯೀಸ್ಟ್ ಎಂದರೆ ದೇವದುರ್ಗದ ಕಿರಾಣಿ ಅಂಗಡಿಯವರು, "ದವಾಯಿ ಅಂಗಡ್ಯಾಗ ಕೇಳ್ರಿ" ಅಂದರು, ದವಾಯಿ ಅಂಗಡಿಯವರು, "ಎಷ್ಟು ದಿನಾತು ಜ್ವರ ಬಂದು?" ಅಂದರು. ರಾಯಚೂರಿಗೆ ಹೋಗಿ ಸ್ಟೇಷನ್ ಕಡೆಯ ಒಂದು ಬೇಕರಿಯಲ್ಲಿ ಕೇಳಿದೆ. ಬೇಕರಿಯವನು ನನ್ನನ್ನು ಕೆಕ್ಕರಿಸಿ ನೋಡಿದ.

"ನಿಮಗ ಯೀಸ್ಟ್ ಕೊಟ್ರ ನೀವು ಬ್ರೆಡ್ ಮಾಡ್ತೀರಿ. ನಾ ಏನು ನಿಮ್ಮ ಸಾಲ್ಯಾಗ ಪಾಠ ಹೇಳ್ಲೇನು?"

ಬಹಳ ಕಾಡಿದ ಮೇಲೆ, ಹಿಂದಿನವರು ಸೇಂದಿ ಹಾಕಿ ಹಿಟ್ಟು ಉಬ್ಬಿಸುತ್ತಿದ್ದರು ಎಂದ. ಸೇಂದಿ ಎಂದರೆ ಈಚಲ ಮರದಿಂದ ಇಳಿಸಿದ ಹೆಂಡ. ಜೀವನದಲ್ಲಿ ಒಮ್ಮೆಯೂ ಅದನ್ನು ಮುಟ್ಟದ ನಾನು, ತಾಜಾ ಇರುವಾಗಲೇ ಬೇಕೆಂದು, ಮುಂಜಾನೆ ಸಾಲಿಗೆ ಹೋಗುವ ಮುಂಚೆ ಹಾಲಿನ ಕ್ಯಾನು ಹಿಡಿದು ಸೇಂದಿ ಅಂಗಡಿ ಮುಂದೆ ನಿಂತೆ.

ಅಲ್ಲಿ ಇದ್ದವರೆಲ್ಲ ನನ್ನ ಸಾಲಿ ಹುಡುಗರ ತಂದೆಯಂದಿರು. ನನ್ನನ್ನು ಕಂಡು ಒಬ್ಬ ತನ್ನ ಲೋಟವನ್ನು ಬೆನ್ನ ಹಿಂದೆ ಮುಚ್ಚಿಕೊಂಡ. "ಇದು ಬ್ರೆಡ್ಡಿಗೆ" ಎಂದೆ ನಾನು.

"ಹೌದ್ರೀ ಮಾಸ್ತರ" ಎಂದ ಇನ್ನೊಬ್ಬ, ಬಹಳ ಮರ್ಯಾದೆಯಿಂದ. "ನಾವೂ ರೊಟ್ಟೀಗೇ ಒಯ್ಯಾಕತ್ತೀವಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಅಂಗಡಿಯವನು ಒಳಗಿಂದ ನನ್ನನ್ನು ಕಂಡು, ಇಡೀ ಸಂತೆಗೆ ಕೇಳುವಂತೆ ಕೂಗಿದ. "ಏ, ಸರೀರಲೇ! ಮಾಸ್ತರಿಗೆ ಮೊದಲ ಕೊಡ್ರಿ, ಸಾಲಿ ಗಂಟಿ ಆಗ್ತದ!"

ಅಂದು ಹೆಡ್ ಮಾಸ್ತರರು ಎರಡೆರಡು ಸಲ ನನ್ನ ಮಗ್ಗಲಿಗೆ ಬಂದು ನಿಂತು ಉಸಿರೆಳೆದುಕೊಂಡು ಹೋದರು. ಹಿಟ್ಟು ಮಾತ್ರ ಉಬ್ಬಿತು. ಬೇಯುವ ಹೊತ್ತಿಗೆ ಕರೆಂಟು ಹೋಗಿ ಅರೆಬೆಂದು ಕೂತಿತು, ಮನೆಯೆಲ್ಲ ಹುಳಿ ಹೆಂಡದ ನಾತ. ತಾಟು ಮುಂದಿಟ್ಟಾಗ ಅಪ್ಪ ಮೂಗು ಹತ್ತಿರ ಒಯ್ದು ಮೂಸಿ, ಬಹಳ ದಿನಗಳ ಮೇಲೆ ಮೊದಲ ಸಲ ಮುಖ ಅರಳಿಸಿದ. ಅಪ್ಪ ತಾಟನ್ನು ಹಿಂದಕ್ಕೆ ತಳ್ಳಿದ.

"ಇಂಥಾದ್ದನ್ನ ಹಾಂಗ ಕೊಟ್ಟಿದ್ರ ಕುಡೀತಿದ್ದೆ. ಹಿಟ್ಟಿಗಿ ಹಾಕಿ ಯಾಕ ಕೆಡಿಸಿದ್ರಿ?"

ಕರೆಂಟು

ನಮ್ಮ ಜಿಲ್ಲೆಯಲ್ಲಿ ಕೃಷ್ಣೆಯ ದಂಡೆಗೆ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಾರೆ. ಹೊಗೆ ನಮಗೆ, ಬೂದಿ ನಮಗೆ, ಬಿಸಿಲಂತೂ ಮೊದಲಿನಿಂದಲೂ ನಮಗೇ. ಕರೆಂಟು ಮಾತ್ರ ನಮ್ಮ ತಲೆಯ ಮೇಲಿನ ದಪ್ಪ ತಂತಿಯಲ್ಲಿ ಗುಂಯ್ ಎಂದು ದೂರದ ಊರುಗಳಿಗೆ ಹೋಗುತ್ತಿತ್ತು.

ಮಷೀನಿಗೆ ಒಂದು ಬ್ರೆಡ್ ಮಾಡಲು ನಾಲ್ಕು ತಾಸು ಬೇಕು. ನಡುವೆ ಕರೆಂಟು ಹೋದರೆ, ಬಂದ ಮೇಲೆ ಎಲ್ಲ ಮರೆತು ಮತ್ತೆ ಮೊದಲಿನಿಂದ ನಾದಲು ಶುರು ಮಾಡುತ್ತಿತ್ತು. ಉಬ್ಬಿದ್ದನ್ನು ನಾದುವುದು, ಅರ್ಧ ಬೆಂದದ್ದನ್ನು ನಾದುವುದು. ನನ್ನ ಹೆಂಡತಿ ಅದನ್ನು ನೋಡುತ್ತ ಕೂತು ನಿಟ್ಟುಸಿರು ಬಿಟ್ಟಳು. "ಇದೂ ನನ್ನಂಗ ಸೊಸಿ ಆಗಿ ಬಂದದ ನೋಡ್ರಿ. ಎಷ್ಟು ಮಾಡಿದ್ರೂ ಮತ್ತ ಮೊದಲಿಂದ."

ಅಪ್ಪ ಆ ವಾರ ಅಂಬಲಿಯನ್ನೂ ಅರ್ಧಕ್ಕೆ ಇಳಿಸಿದ್ದ. ನಾನು ತಡೆಯಲಾರದೆ, ಕಂಬ ಹತ್ತಿ ಕೂತಿದ್ದ ಲೈನ್‌ಮನ್ನನ ಕೆಳಗೆ ನಿಂತು ಕೈ ಮುಗಿದೆ. "ಅಣ್ಣಾ, ನಾಕು ತಾಸು ಬಿಡದಂಗ ಕರೆಂಟ್ ಯಾವಾಗ ಇರ್ತದ ಹೇಳು. ನಮ್ಮಪ್ಪನ ಜೀವದ ಪ್ರಶ್ನೆ."

ಅವನು ಕಂಬದ ಮೇಲೆಯೇ ಯೋಚನೆಗೆ ಬಿದ್ದ. ಪಾಪ, ಒಳ್ಳೆಯ ಮನುಷ್ಯ, ನಿಜವಾಗಿ ಲೆಕ್ಕ ಹಾಕುತ್ತಿದ್ದ. "ಮಾನ್ವ್ಯಾಗ ದವಾಖಾನಿ ಲೈನು ತೆಗ್ಯಾಂಗಿಲ್ರೀ, ಅಲ್ಲಿ ಸಿಗ್ತದ" ಎಂದ.

"ದೇವದುರ್ಗದಾಗ?"

"ಇಲ್ಲೂ ನಾಕು ತಾಸು ಆಗ್ತದ ಮಾಸ್ತರ. ಈ ತಿಂಗಳದ್ದೆಲ್ಲಾ ಕೂಡಿಸಿದ್ರ."

ಬಸ್ಸು

ಮಾನ್ವಿಯಲ್ಲಿ ನನ್ನ ತಂಗಿಯ ಮನೆ ದವಾಖಾನೆಯ ಎದುರಿಗೇ ಇತ್ತು. ಅಪ್ಪನನ್ನೂ ಮಷೀನನ್ನೂ ಕಟ್ಟಿಕೊಂಡು ಹೊರಟೆವು. ಬೇಕರಿಯವನು ಅಪ್ಪನ ಸ್ಥಿತಿ ಕೇಳಿ ಕಡೆಗೂ ಕರಗಿ ಎರಡು ಚಿಟಿಕೆ ಯೀಸ್ಟ್ ಕೊಟ್ಟಿದ್ದ. ಹೋಗುತ್ತಲೇ ಸುಡಲು ಇಡಬಹುದು ಎಂದು ನನ್ನ ಹೆಂಡತಿ ಹಿಟ್ಟನ್ನು ಮನೆಯಲ್ಲೇ ಕಲಸಿ, ಮಷೀನಿನೊಳಗೆ ತುಂಬಿ, ಮುಚ್ಚಳಕ್ಕೆ ಸೀರೆಯ ಅಂಚು ಬಿಗಿದಳು. ಅದು ಬ್ಯಾಸಗಿ. ಸಿರವಾರದ ದಾರಿಯ ಬಸ್ಸು. ಒಳಗೆ ಕೂತವರೇ ಬೇಯುತ್ತಿದ್ದೆವು.

ಸಿರವಾರ ಇನ್ನೂ ದೂರವಿರುವಾಗಲೇ ನನ್ನ ತೊಡೆಯ ಮೇಲಿನ ಮಷೀನಿನ ಮುಚ್ಚಳ ಎದ್ದಿತು. ಬೆಳ್ಳಗಿನ ಹಿಟ್ಟು ಮೆಲ್ಲಗೆ ತಲೆ ಹೊರಗೆ ಹಾಕಿತು. ಒತ್ತಿದೆ, ಒಳಗೆ ಹೋಯಿತು. ಕೈ ತೆಗೆದೆ, ಇನ್ನೊಂದು ಕಡೆಯಿಂದ ಬಂತು. ಮಗ್ಗಲಲ್ಲಿ ಕೋಳಿ ಹಿಡಿದು ಕೂತಿದ್ದ ಮುದುಕಿ ಸರಿದು ಕೂತಳು. "ತಮ್ಮಾ, ನಿನ್ನ ಪೆಟ್ಟಿಗ್ಯಾಗ ಏನೋ ಜೀವ ಅದ ನೋಡು."

ಕಂಡಕ್ಟರ್ ಬಂದು ಎಲ್ಲಿಗೆ, ಏನು, ಯಾಕೆ ಎಂದು ವಿಚಾರಿಸಿದ. ಹಿಟ್ಟು ಒತ್ತುತ್ತಲೇ ನಾನು ಒಂದೊಂದು ಮಾತು ಹೇಳಿದೆ. ನಮ್ಮಪ್ಪಗ. ಊಟ ಸೇರವಲ್ದು. ಮಾನ್ವಿ ದವಾಖಾನಿ ಹತ್ರ. ಬ್ರೆಡ್ ತಿನ್ನಿಸಬೇಕು. ಅದಕ್ಕ ಮಷೀನು. ಅವನು ನಿದ್ದೆ ಹೋಗಿದ್ದ ಅಪ್ಪನ ಸೊರಗಿದ ಮುಖ ನೋಡಿ ತಲೆ ಕೊಡವಿ, ಚ್ಚ್ ಚ್ಚ್ ಎಂದ. ಆಮೇಲೆ ಹಿಟ್ಟಿನ ಕಡೆ ಕೈ ತೋರಿಸಿದ.

"ದುಃಖ ನನಗೂ ಆಗ್ತದ್ರೀ. ಆದ್ರ ಆ ಯಮ್ಮನ ಕೋಳಿಗಿ ಟಿಕೇಟ್ ಕೊಟ್ಟೀನಿ. ಇದೂ ಉಸುರಾಡಾಕತ್ತದ, ಇದಕ್ಕೂ ತೊಗೋರಿ."

ಮಷೀನು ಹಚ್ಚಿದ್ದು

ಮರುದಿನ ತಂಗಿಯ ಮನೆಯಲ್ಲಿ ಉಳಿದ ಯೀಸ್ಟ್ ಬೆರೆಸಿ ಹೊಸದಾಗಿ ಹಿಟ್ಟು ಹಾಕಿ ಗುಂಡಿ ಒತ್ತಿದೆವು. ಕರೆಂಟು ಕಣ್ಣು ಮಿಟುಕಿಸಲಿಲ್ಲ. ಮಷೀನು ನಾದಿತು, ಉಬ್ಬಿಸಿತು, ಸುಟ್ಟಿತು. ಮುಚ್ಚಳ ತೆಗೆದರೆ ಹೊಂಬಣ್ಣದ ಬ್ರೆಡ್ಡು, ಮನೆಯ ತುಂಬ ಘಮಘಮ. ಒತ್ತಿದರೆ ಹತ್ತಿಯಂತೆ ಒಳಗೆ ಹೋಗಿ ಮೇಲೆದ್ದಿತು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಒಂದು ಹೋಳು ಕೊಯ್ದು ಅಪ್ಪನ ಕೈಗೆ ಕೊಟ್ಟೆ. "ಮನ್ಯಾಗ ಬೆಂದದ್ದು ಯಪ್ಪಾ" ಎಂದೆ. ಅಪ್ಪ ಮೂಸಿದ. ತಲೆಯಾಡಿಸಿದ. ಬಾಯಿ ತೆರೆದ.

ಅಷ್ಟರಲ್ಲಿ ಬಾಗಿಲಲ್ಲಿ ಒಂದು ಆರ್ಭಟ. "ಯಪ್ಪಾ ನನ ತಮ್ಮಾ! ನನಕಿಂತ ಮೊದಲ ಹೊಂಟೇನೋ!"

ಚೀಕಲಪರ್ವಿಯ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಸುತ್ತಲ ಊರುಗಳಲ್ಲಿ ಸಾವಿನ ಮನೆಯಲ್ಲಿ ಹಾಡಿ ಅಳಲು ಆಕೆಯ ಸಮ ಇನ್ನೊಬ್ಬರಿಲ್ಲ. ಆಕೆಯ ಹಿಂದೆ ನೀರಮಾನ್ವಿಯವರು, ಕಲ್ಮಲದವರು, ಕಳ್ಳುಬಳ್ಳಿಯ ನೆಂಟರೆಲ್ಲ ಬಂದಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಬ್ರೆಡ್ಡಿನ ಪಾಕೀಟು. ಬಸ್ಸಿನ ಕಂಡಕ್ಟರ್ ನಿಂತ ನಿಂತಲ್ಲೆಲ್ಲ ಸುದ್ದಿ ಇಳಿಸಿದ್ದ. ದೇವದುರ್ಗದ ಮಾಸ್ತರನ ಅಪ್ಪ ಮಾನ್ವಿ ದವಾಖಾನೆಯಲ್ಲಿದ್ದಾನೆ, ಬರೀ ಬ್ರೆಡ್ಡಿನ ಮೇಲೆ ಜೀವ ಹಿಡಿದಿದ್ದಾನೆ, ಮಷೀನು ಹಚ್ಚಿದ್ದಾರೆ.

ಕಲ್ಮಲದ ಕಾಕಾ ಒಳಗೆ ಬಂದವನೇ ಮಷೀನು ನೋಡಿದ. ಅದರ ವೈರು ಹಿಡಿದು ಗೋಡೆಯವರೆಗೆ ಹೋದ, ತಿರುಗಿ ಬಂದು ಅಪ್ಪನ ಅಂಗಿ ಎತ್ತಿ ಹೊಟ್ಟೆ ಬೆನ್ನು ತಡವಿದ. "ಇಲ್ಲಿ ಎಲ್ಲಿ ಹಚ್ಯಾರೋ ಕಾಣವಲ್ದು" ಎಂದ.

ದೊಡ್ಡವ್ವನ ಕಣ್ಣು ಅಪ್ಪನ ಕೈಮೇಲೆ ಬಿತ್ತು. "ಅಯ್ಯಯ್ಯ, ಕೈಯಾಗ ಬ್ರೆಡ್ ಹಿಡಿಸ್ಯಾರವ್ವಾ!" ಎಂದು ಎದೆ ಬಡಿದುಕೊಂಡಳು. ಹೆಂಗಸರೆಲ್ಲ ದನಿಗೂಡಿಸಿದರು. ಅಪ್ಪ ತನ್ನ ಕೈಯಲ್ಲಿದ್ದ ಬ್ರೆಡ್ ನೋಡಿದ, ಅವರ ಕೈಗಳಲ್ಲಿದ್ದ ಬ್ರೆಡ್ ನೋಡಿದ. ನಾನು ಇಷ್ಟು ತಿಂಗಳು ಸತ್ತು ಸುಣ್ಣವಾಗಿ ಮಾಡಿದ ಹೋಳನ್ನು ಬೀಸಿ ಒಗೆದ. ಅದು ಹೋಗಿ ಮಷೀನಿನ ಮೇಲೆಯೇ ಬಿತ್ತು.

"ನಾ ಸಾಯಾಕತ್ತಿಲ್ಲಲೇ, ಹುಚ್ಚುಮಂದಿ! ಏ ಮಗಳಾ, ರೊಟ್ಟಿ ತಾ! ಜ್ವಾಳದ ರೊಟ್ಟಿ ತಾ!"

ದೊಡ್ಡವ್ವ ಎದೆ ಬಡಿದುಕೊಳ್ಳುವುದನ್ನು ನಿಲ್ಲಿಸಿ ಅಪ್ಪನ ಬಾಯಿ ನೋಡಿದಳು. ತಿಳಿಯಿತು ಎಂದುಕೊಂಡೆ. ತಿಳಿದದ್ದೇ ಬೇರೆ. "ಕೇಳಿದ್ರೇನವ್ವಾ! ಬಾಯಾಗ ಒಂದು ಹಲ್ಲಿಲ್ಲ, ರೊಟ್ಟಿ ಬೇಡಾಕತ್ತಾನ! ಕಡೀ ಆಸಿ ಬೇಡಾಕತ್ತಾನ!" ಎಂದು ಇನ್ನೂ ಮೇಲಿನ ಸ್ವರದಲ್ಲಿ ಎತ್ತಿಕೊಂಡಳು.

ತಂಗಿ ರೊಟ್ಟಿ, ಬ್ಯಾಳಿ ತಂದಿಟ್ಟಳು. ಅಪ್ಪ ಎಲ್ಲರನ್ನೂ ದುರುಗುಟ್ಟಿ ನೋಡುತ್ತ ರೊಟ್ಟಿ ಮುರಿದ, ತಾನೇ ಬ್ಯಾಳಿಯಲ್ಲಿ ಅದ್ದಿದ, ಒಸಡಿನಲ್ಲೇ ಅರೆದು ನುಂಗಿದ. ಅಳು ನಿಲ್ಲಲಿಲ್ಲ. ಮತ್ತೊಂದು ರೊಟ್ಟಿ ತರಿಸಿದ. ಅವರ ಅಳು ಬಿಕ್ಕಳಿಕೆಗೆ ಇಳಿಯಿತು. ಮೂರನೆಯದನ್ನು ಮುಗಿಸಿ ಗಡದ್ದಾಗಿ ತೇಗಿದ ಮೇಲೆಯೇ ಎಲ್ಲ ಕಣ್ಣೊರೆಸಿಕೊಂಡು ಚಹಾ ಕೇಳಿದರು. ಮಷೀನಿನ ಬ್ರೆಡ್ಡನ್ನು ಕಲ್ಮಲದ ಕಾಕಾ ಚಹಾದಲ್ಲಿ ಅದ್ದಿ ಪೂರ್ತಿ ತಿಂದು, ಅಂಗಡಿಯದೇ ಚಲೋ ಅಂದ. ಅನ್ನಲಿ ಬಿಡಿ. ಅಪ್ಪ ಹೊಟ್ಟೆ ತುಂಬ ಉಂಡಿದ್ದ. ನಾನು ಬಾಗಿಲ ಮರೆಗೆ ಹೋಗಿ ಅತ್ತುಬಿಟ್ಟೆ.

ಮರುದಿನ ಮಧ್ಯಾಹ್ನದ ಬಸ್ಸಿಗೆಂದು ನೆಂಟರೆಲ್ಲ ಹೊರಟರು. ಊಟದ ಹೊತ್ತಿಗೆ ನಾನೇ ಹುರುಪಿನಿಂದ ರೊಟ್ಟಿ, ಬ್ಯಾಳಿ ತಂದು ಅಪ್ಪನ ಮುಂದಿಟ್ಟೆ. ಅಪ್ಪ ತಾಟು ನೋಡಿದ, ಬಾಗಿಲ ಕಡೆ ನೋಡಿದ, ಕೈ ಕಟ್ಟಿ ಕೂತ.

"ಉಣ್ಣು ಯಪ್ಪಾ. ನಿನ್ನೆ ಉಂಡೆಲ್ಲ."

"ನಿನ್ನೆ ಮಂದಿ ಅಳಾಕತ್ತಿತ್ತು, ಬದುಕೀನಿ ಅಂತ ತೋರಸಬೇಕಿತ್ತು, ಉಂಡೆ. ಸುಮ್ಮಸುಮ್ಮನ ನೆನಸ್ಕೊಂಡು ಉಣ್ಣಾಕ ನಾನೇನು ಮುದುಕನ?"

ನಾನು ಚಪ್ಪಲಿಯನ್ನೂ ಮೆಟ್ಟಲಿಲ್ಲ. ಬಸ್ ಸ್ಟ್ಯಾಂಡಿಗೆ ಓಡಿದೆ. ಚೀಕಲಪರ್ವಿಯ ಬಸ್ಸು ಇನ್ನೇನು ಹೊರಡುವುದರಲ್ಲಿತ್ತು. ಕಿಟಕಿ ಬಡಿದು, "ದೊಡ್ಡವ್ವಾ, ಇಳಿ! ಲಗೂನ ಬಾ! ಒಂದೀಟು ಅಳಬೇಕಾಗ್ಯದ!" ಎಂದೆ. ನನ್ನ ಬರಿಗಾಲು, ಏದುಸಿರು, ಕಣ್ಣೀರು ನೋಡಿ ದೊಡ್ಡವ್ವ ಎರಡೂ ಕೈಯಿಂದ ಎದೆ ಹಿಡಿದುಕೊಂಡಳು.

"ಹೋಗೇಬಿಟ್ನೇನಪಾ?"

"ಇಲ್ಲ ದೊಡ್ಡವ್ವಾ, ಊಟಕ್ಕ ಕುಂತಾನ."